ಹೇನಿನ ಹದಿನೆಂಟು ಉಂಗುರ

ಭೂತಮ್ಮನ ಕಣ್ಣಿಗೆ ಬಿದ್ದ ಮೇಲೆ ತಪ್ಪಿಸಿಕೊಂಡ ಹೇನನ್ನು ಹೆಗ್ಗದ್ದೆ ಕಡೆಯ ಎಸ್ಟೇಟ್ ಲೈನುಗಳಲ್ಲಿ ಯಾರೂ ಕಂಡಿಲ್ಲ. ತೋಟದ ಕೆಲಸ ಮುಗಿಸಿ, ಕೈಕಾಲು ತೊಳೆದು, ಒಂದು ಲೋಟ ಕಾಫಿ ಕುಡಿದು ಅವಳು ಸಾಲುಮನೆಯ ಮುಂದಿನ ಕಟ್ಟೆಯ ಮೇಲೆ ಕೂತಳೆಂದರೆ, ಹೆಣ್ಣುಮಕ್ಕಳು ಒಬ್ಬೊಬ್ಬರೇ ಜಡೆ ಬಿಚ್ಚಿಕೊಂಡು ಬಂದು ಅವಳ ಮೊಣಕಾಲ ಸಂದಿಯಲ್ಲಿ ಕೂರುತ್ತಿದ್ದರು. ಹೇನಿಗೆ ಬೆರಳು, ಸೀರಿಗೆ ಸೀರಣಿಗೆ. ಸಿಕ್ಕಿದ್ದನ್ನು ಹೆಬ್ಬೆರಳಿನ ಉಗುರ ಮೇಲಿಟ್ಟು ಇನ್ನೊಂದು ಉಗುರಿನಿಂದ ಒತ್ತುವಾಗ ‘ಇಸ್ಸ್’ ಎಂದು ಉಸಿರೆಳೆಯುತ್ತಿದ್ದಳು. ಆ ಸದ್ದು ಮಾಡದಿದ್ದರೆ ಹೇನು ಪೂರ್ತಿ ಸಾಯುವುದಿಲ್ಲವಂತೆ. ದೀಪ ಹಚ್ಚುವ ಹೊತ್ತಾದರೆ ಮಾತ್ರ ಅರ್ಧ ತಲೆ ಬಾಕಿಯಿದ್ದರೂ ಎಬ್ಬಿಸಿ ಕಳಿಸುತ್ತಿದ್ದಳು.

ಊರವರ ತಲೆಯನ್ನೆಲ್ಲ ನೋಡುವ ಅವಳ ತಲೆಯನ್ನು ನೋಡುತ್ತಿದ್ದವನು ಅವಳ ಗಂಡ ಸೋಮಯ್ಯ. ಗಂಡಸು ಹೆಂಡತಿಯ ಹೇನು ತೆಗೆಯುತ್ತಾ ಕೂರುವುದು ಲೈನಿನವರಿಗೆ ದೊಡ್ಡ ತಮಾಷೆ. ಅವನು ಅದನ್ನೆಲ್ಲ ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಮಕ್ಕಳಿರಲಿಲ್ಲ ಇಬ್ಬರಿಗೂ. ಭಾನುವಾರ ಮಧ್ಯಾಹ್ನ ಬಿಸಿಲಿಗೆ ಬೆನ್ನು ಕೊಟ್ಟು ಅವಳು ಕೂರುವುದು, ಅವನು ಕಣ್ಣು ಕಿರಿದು ಮಾಡಿಕೊಂಡು ಬೈತಲೆ ಬಿಡಿಸುವುದು, ಅದೇ ಅವರ ಸಂಸಾರದ ಸುಖ.

ಜಗದಾಂಬಳ ತಲೆಯೂ ಚಿಕ್ಕಂದಿನಲ್ಲಿ ಭೂತಮ್ಮನ ಕೈಗೆ ಸಿಕ್ಕಿದ್ದೇ. ಅವಳ ಅಪ್ಪ ಶಾಂತಮಲ್ಲಪ್ಪನವರದು ಬಾಳ್ಳುಪೇಟೆಯಲ್ಲಿ ಹೆದ್ದಾರಿಗೆ ಮುಖ ಮಾಡಿದ ದಿನಸಿ ಅಂಗಡಿ. ಸಂತೆಗೆ ಬಂದ ಭೂತಮ್ಮ ಸಾಮಾನು ಕಟ್ಟಿಸಿಕೊಂಡು, ಬಸ್ಸು ಬರುವ ತನಕ ಅಂಗಡಿಯ ಜಗಲಿಯ ಮೇಲೆ ಕೂತು ಆ ಹುಡುಗಿಯನ್ನು ಎಳೆದುಕೊಳ್ಳುತ್ತಿದ್ದಳು. “ಬಾ ಕೂಸೇ, ಸಂತೆ ಇಲ್ಲಲ್ಲ ನೆರ್ದಿರೋದು, ನಿನ್ ತಲೇಲಿ!” ಲಾರಿಗಳ ಧೂಳು, ಬೆಲ್ಲದ ವಾಸನೆ, ತಲೆಯಲ್ಲಿ ಆಡುವ ಒರಟು ಬೆರಳು. ಜಗದಾಂಬ ಅಲ್ಲೇ ನಿದ್ದೆ ಹೋಗಿಬಿಡುತ್ತಿದ್ದಳು.

2004ರಲ್ಲಿ ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿ ವಿಷಯ ಏನೆಂದು ಅಪ್ಪನಿಗೆ ಹೇಳಿದಾಗ, ಶಾಂತಮಲ್ಲಪ್ಪನವರ ತಕ್ಕಡಿ ಗಾಳಿಯಲ್ಲೇ ನಿಂತಿತು.

“ಹೇನಾ?”

“ಹೇನೇ ಅಪ್ಪ. ಹೇನಿನ ಮೈಟೋಕಾಂಡ್ರಿಯ.”

“ಗಿರಾಕಿಗಳ ಮುಂದೆ ಮಾತ್ರ ಹೇಳ್ಬೇಡ ಮಾರಾಯ್ತಿ,” ಎಂದು ಅವರು ಸಕ್ಕರೆ ಸುರಿದರು.

ವಿಷಯವೇನೋ ಸಣ್ಣದಲ್ಲ. ಪ್ರತಿ ಜೀವಕೋಶದ ಒಳಗೂ ಶಕ್ತಿ ಬೇಯಿಸುವ ಪುಟ್ಟ ಒಲೆಗಳಿರುತ್ತವೆ, ಅವೇ ಮೈಟೋಕಾಂಡ್ರಿಯ. ಆ ಒಲೆಗೆ ಅದರದೇ ಒಂದಿಷ್ಟು ಡಿಎನ್‌ಎ ಇದೆ, ಉಂಗುರದ ಆಕಾರದಲ್ಲಿ. ಮನುಷ್ಯನಿಗೂ ಹಸುವಿಗೂ ನೊಣಕ್ಕೂ ಒಂದೇ ಒಂದು ಉಂಗುರ, ಅದರಲ್ಲಿ ಮೂವತ್ತೇಳು ಜೀನು. ಅದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತದೆ. ಮನುಷ್ಯನ ತಲೆಯನ್ನೇ ಊರು ಮಾಡಿಕೊಂಡು ಬದುಕಿದ ಹೇನಿನಲ್ಲಿ ಆ ಉಂಗುರ ಕಾಲಾಂತರದಲ್ಲಿ ಏನಾಗಿದೆ ಎಂದು ಓದಿ ಬರೆಯುವುದು ಜಗದಾಂಬಳ ಕೆಲಸ. ಅದಕ್ಕೆ ಬೇಕಾದದ್ದು ಹೇನು. ಹೇನೆಂದರೆ ಭೂತಮ್ಮ.

ಹೇನು ಕೊಳೆಯದಂತೆ ಹಾಕಿಡಲು ಒಂದು ಕ್ಯಾನ್ ಲ್ಯಾಬಿನ ಸ್ಪಿರಿಟ್ಟು, ನೂರು ಪುಟ್ಟ ಬಾಟಲಿ, ಒಂದು ಚಿಮುಟ ತೆಗೆದುಕೊಂಡು ಅವಳು ಹೆಗ್ಗದ್ದೆಯ ಲೈನಿಗೆ ಹೋದಳು. ಕೊಲ್ಲದೆ ಹಿಡಿಯಬೇಕು, ಬಾಟಲಿಗೊಂದು ತಲೆಯ ಹೇನು, ಮೇಲೆ ಚೀಟಿ. ಭೂತಮ್ಮ ಒಂದೇ ದಿನದಲ್ಲಿ ಕಲಿತಳು. ಆದರೆ ಹೇನನ್ನು ಸ್ಪಿರಿಟ್ಟಿಗೆ ಹಾಕುವಾಗಲೂ ಬಾಯಿ ತನ್ನಷ್ಟಕ್ಕೆ ‘ಇಸ್ಸ್’ ಎನ್ನುತ್ತಿತ್ತು. ಸೋಮಯ್ಯ ಸಿಲ್ವರ್ ಓಕಿನ ಹಲಗೆಯೊಂದರಲ್ಲಿ ಸಾಲಾಗಿ ತೂತು ಕೊರೆದು ಬಾಟಲಿ ನಿಲ್ಲಿಸಲು ಸ್ಟ್ಯಾಂಡು ಮಾಡಿಕೊಟ್ಟ.

“ಏನ್ ನೋಡ್ತೀಯ ಕೂಸೇ ಇದ್ರಲ್ಲಿ?” ಎಂದು ಕೇಳಿದಳು ಭೂತಮ್ಮ.

“ತಾಯಿ ಮನೆ ಒಲೆಯಿಂದ ಮಗಳ ಮನೆ ಒಲೆಗೆ ಕೆಂಡ ಒಯ್ದ ಹಾಗೆ ಇದು ಭೂತಮ್ಮ. ಹೆಣ್ಣಿಂದ ಹೆಣ್ಣಿಗೇ ಹೋಗೋದು. ನಮ್ಮಲ್ಲೂ ಅಷ್ಟೇ, ಹೇನಲ್ಲೂ ಅಷ್ಟೇ.”

ಭೂತಮ್ಮ ಕೈಯಲ್ಲಿದ್ದ ಬಾಟಲಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು. “ಹಂಗಾರೆ ನಮ್ಮವ್ವನ ಕೆಂಡ ನನ್ನಲ್ಲೇ ಆರೋಗ್ತದೆ ಅನ್ನು,” ಎಂದಳು. ಜಗದಾಂಬಳಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು.

ಸೋಮಯ್ಯನ ಬಗ್ಗೆ ಒಂದು ಮಾತು ಇಲ್ಲಿಯೇ ಹೇಳಿಬಿಡಬೇಕು. ಅವನು ಮರಗಸಿಯ ಆಳು. ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರಗಳನ್ನು ಹತ್ತಿ ಕೊಂಬೆ ಕಡಿಯುವ ಕೆಲಸ. ಎರಡು ವರ್ಷದ ಹಿಂದಿನ ತನಕ ಕುಡಿತವೂ ಜೋರಿತ್ತು. ಒಮ್ಮೆ ಅಮಲಿನಲ್ಲಿ ಮರದಿಂದ ಜಾರಿ, ಕೆಳಗಿನ ಕೊಂಬೆಗೆ ಸಿಕ್ಕಿಕೊಂಡು ಬದುಕಿದ. ಅವತ್ತು ಮನೆಗೆ ಬಂದವನು ಹೆಂಡತಿಯ ತಲೆಯ ಮೇಲೆ ಕೈಯಿಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ತಲೆ ಮುಟ್ಟಿ ಮಾಡಿದ ಆಣೆ ಆ ಕಡೆ ಹುಡುಗಾಟದ ಮಾತಲ್ಲ. ಮುರಿದರೆ, ಮಾಡಿದವನಿಗೆ ಏನೂ ಆಗುವುದಿಲ್ಲ, ಯಾರ ತಲೆಯೋ ಆ ತಲೆ ಉಳಿಯುವುದಿಲ್ಲ. ಅಂದಿನಿಂದ ಭೂತಮ್ಮ ದಿನಾ ಸಂಜೆ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಬಾಯಿ ಮೂಸಿ, ಒಳಗೆ ಬಿಡುತ್ತಿದ್ದಳು. ಅದೂ ಲೈನಿನವರಿಗೆ ತಮಾಷೆಯೇ. ಅವನು ಸಣ್ಣ ಹುಡುಗನ ಹಾಗೆ ಬಾಯಿ ಕಳೆದು ನಿಲ್ಲುತ್ತಿದ್ದ.

ಹೇನುಗಳು ವಿಶ್ವವಿದ್ಯಾಲಯ ತಲುಪಿದವು. ಆಮೇಲೆ ಶುರುವಾಯಿತು ತೊಂದರೆ.

ಉಂಗುರವನ್ನು ಒಂದು ಜಾಗದಿಂದ ಓದಲು ಹೊರಟರೆ ಇಡೀ ಸುತ್ತು ಮುಗಿಸಿ ಹೊರಟಲ್ಲಿಗೇ ಬರಬೇಕು. ಜಗದಾಂಬಳ ಹೇನಿನಲ್ಲಿ ಆ ಸುತ್ತು ಐದನೆಯ ಒಂದು ಪಾಲಿನಲ್ಲೇ ಮುಗಿದು ಹೋಗುತ್ತಿತ್ತು. ಊರು ಸುತ್ತಲು ಹೊರಟವನು ಹಿತ್ತಲು ಸುತ್ತಿ ಬಂದು ಬಾಗಿಲು ತಟ್ಟಿದಂತೆ. ಬೇರೆ ಜೀನಿನಿಂದ ಹೊರಟರೂ ಅಷ್ಟೇ, ಮತ್ತೊಂದರಿಂದ ಹೊರಟರೂ ಅಷ್ಟೇ. ಆರು ತಿಂಗಳು ಅವಳು ಊಟ ನಿದ್ದೆ ಬಿಟ್ಟು ಅದನ್ನೇ ಮಾಡಿದಳು. ಪ್ರತಿ ಸಲವೂ ಪುಟ್ಟ ಪುಟ್ಟ ತುಂಡು.

ಅವಳ ಮಾರ್ಗದರ್ಶಕ ಪ್ರೊಫೆಸರರು, ಡಿಎನ್‌ಎ ತುಂಡುಗಳು ಗೆರೆಗಳಾಗಿ ಕಾಣುವ ಜೆಲ್ಲಿನ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಮೇಜಿನ ಮೇಲೆ ಎಸೆದರು. “ಕೊಳೆತ ಡಿಎನ್‌ಎ. ಸ್ಪಿರಿಟ್ಟಿಗೆ ಯಾರೋ ನೀರು ಬೆರೆಸಿದ್ದಾರೆ. ಯಾರು ಕಲೆಕ್ಟ್ ಮಾಡಿದ್ದು?”

“ನಮ್ಮ ಕಡೆಯವಳೇ ಸರ್. ಎಸ್ಟೇಟಿನ ಹೆಂಗಸು.”

“ಗಂಡ ಕುಡೀತಾನಾ?”

“ಹಿಂದೆ ಕುಡೀತಿದ್ದ,” ಎಂದಳು.

“ಮತ್ತೇನು ಕೇಳ್ತೀಯಮ್ಮ?” ಎಂದು ನಕ್ಕರು ಅವರು.

ಅಷ್ಟೇ. ಒಂದು ಸಂಸಾರ ಮುರಿಯಲು ಎರಡು ಪದ ಸಾಕಾಯಿತು. ವಾಪಸ್ಸು ತಂದ ಕ್ಯಾನಿನಲ್ಲಿ ಸ್ಪಿರಿಟ್ಟು, ಬಾಟಲಿಗೆ ಹಾಕಿದ ಲೆಕ್ಕಕ್ಕಿಂತ ನಾಲ್ಕು ಬೆರಳು ಕಮ್ಮಿಯಿದ್ದದ್ದು ಅವಳಿಗೆ ಈಗ ನೆನಪಾಯಿತು. ಮುಚ್ಚಳ ಸಡಿಲವಿದ್ದರೆ ಹಾರಿಹೋಗುವ ದ್ರವ ಅದು ಎಂಬುದು ಮಾತ್ರ, ಜೂನಿಯರ್‌ಗಳಿಗೆ ದಿನಾ ಬೈಯುತ್ತಿದ್ದ ಅವಳಿಗೆ ನೆನಪಾಗಲಿಲ್ಲ. ಇನ್ನೊಂದು ವಿಷಯವನ್ನೂ ಅವಳ ಕಣ್ಣು ಕಂಡಿತ್ತು, ಬುದ್ಧಿ ಕಾಣಲಿಲ್ಲ. ಕೊಳೆತ ಡಿಎನ್‌ಎ ಜೆಲ್ಲಿನ ಮೇಲೆ ಒರೆಸಿದ ಹಾಗೆ ಮಸುಕಾಗಿ ಹರಡುತ್ತದೆ. ಅವಳ ಫೋಟೋದಲ್ಲಿ ಇದ್ದದ್ದು ಚೂಪಾದ, ಶುಭ್ರವಾದ ಗೆರೆಗಳು. ದೊಡ್ಡವರು ಕೊಳೆತಿದೆ ಎಂದ ಮೇಲೆ ಗೆರೆಯನ್ನು ಯಾರು ನೋಡುತ್ತಾರೆ?

2005ರ ಜನವರಿಯಲ್ಲಿ ಅವಳು ಹೆಗ್ಗದ್ದೆಗೆ ಹೋದಳು. ಹಣ್ಣು ಕೊಯ್ಲಿನ ಕಾಲ. ಕಣದಲ್ಲಿ ಕಾಫಿ ಹಣ್ಣು ತೂಗಿಸಲು ಲೈನಿನವರೆಲ್ಲ ಸಾಲಾಗಿ ನಿಂತಿದ್ದರು, ರೈಟರ್ ಬರೆದುಕೊಳ್ಳುತ್ತಿದ್ದ. ಭೂತಮ್ಮನನ್ನು ಪಕ್ಕಕ್ಕೆ ಕರೆದು ಕೇಳಬೇಕೆಂದೇ ಅವಳು ದಾರಿಯುದ್ದಕ್ಕೂ ಅಂದುಕೊಂಡಿದ್ದಳು. ಆದರೆ ಒಂದು ವರ್ಷದ ಕೆಲಸ ಮಣ್ಣುಪಾಲಾದ ಸಿಟ್ಟು ಹೊಟ್ಟೆಯಲ್ಲಿತ್ತು. ಸೋಮಯ್ಯ ಎದುರಿಗೇ ಸಿಕ್ಕಿ “ಹೇನು ಸಾಕಾಯ್ತಾ ಅಮ್ಮಣ್ಣಿ?” ಎಂದು ನಗುತ್ತಾ ಕೇಳಿದ.

“ಸ್ಪಿರಿಟ್ ಎಷ್ಟು ಕುಡಿದೆ ಸೋಮಯ್ಯ? ಎಷ್ಟು ನೀರು ಹಾಕಿದೆ?”

ರೈಟರ್ ಬರೆಯುವುದು ಬಿಟ್ಟು ತಲೆಯೆತ್ತಿದ.

“ನಾನಾ? ನಾನು ಮುಟ್ಟಿಲ್ಲ ಅಮ್ಮಣ್ಣಿ. ಅವ್ಳ ತಲೆ ಮುಟ್ಟಿ ಹೇಳಿವ್ನಿ, ಕೇಳಿ ಬೇಕಾರೆ.”

ಜಗದಾಂಬ ಬ್ಯಾಗಿನಿಂದ ಫೋಟೋ ತೆಗೆದು ಭೂತಮ್ಮನ ಕೈಗೆ ಕೊಟ್ಟಳು. “ನೋಡು. ಇಡೀ ಉಂಗುರ ಬರಬೇಕಿತ್ತು, ಚೂರು ಚೂರಾಗಿದೆ. ನೀರು ಸೇರಿದರೆ ಹೀಗಾಗೋದು. ಮೆಷೀನು ಸುಳ್ಳು ಹೇಳಲ್ಲ ಭೂತಮ್ಮ.”

ಸಾಲಿನಲ್ಲಿ ಯಾರೋ “ಹೇನಿನ ಸಾರಾಯಿ ಕುಡ್ದವ್ನಲ್ರೋ!” ಎಂದರು. ನಗು ಭುಗಿಲೆದ್ದಿತು. ಭೂತಮ್ಮ ನಗಲಿಲ್ಲ. ಕಪ್ಪು ಕಾಗದದ ಮೇಲಿನ ಬಿಳಿ ಗೆರೆಗಳನ್ನು ನೋಡಿದಳು, ಗಂಡನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕೈಯೆತ್ತಿ ತನ್ನ ತಲೆಯನ್ನು ಮುಟ್ಟಿ ನೋಡಿಕೊಂಡಳು.

“ನನ್ ತಲೆ ಮೇಲೇ ಕೈ ಇಟ್ಟಿದ್ಯಲ್ಲೋ,” ಎಂದಳು. “ನಾನ್ ಸಾಯ್ಲಿ ಅಂತಿತ್ತಾ ನಿಂಗೆ?”

“ಭೂತೀ, ದೇವ್ರಾಣೆ ಇಲ್ಲ ಕಣೇ...”

“ಇನ್ನೊಂದ್ ಆಣೆ ಹಾಕ್ಬೇಡ.”

ಅವತ್ತೇ ಸೋಮಯ್ಯ, ಭೂತಮ್ಮ ಬಾಗಿಲ ಹೊರಗಿಟ್ಟ ಕಂಬಳಿ, ಮರಗಸಿ ಕತ್ತಿ ತೆಗೆದುಕೊಂಡು ಹೋದ. ಪಾಳ್ಯದ ಕಡೆ ಯಾವುದೋ ಸಣ್ಣ ತೋಟದಲ್ಲಿ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು. ಅವತ್ತು ಜಗದಾಂಬ ಹೊರಡುವಾಗ ಅವಳ ಕಡೆ ತಿರುಗಿ ಭೂತಮ್ಮ “ನೀವು ಹೇಳಿದ್ದು ಒಳ್ಳೇದಾಯ್ತು ಅಮ್ಮಾರೆ,” ಎಂದಳು. ಕೂಸೇ ಎನ್ನಲಿಲ್ಲ. ಜಗದಾಂಬಳಿಗೆ ಅದು ಬಸ್ಸು ಹತ್ತಿದ ಮೇಲೆ ಹೊಳೆದು, ಮನಸ್ಸಿಗೆ ಒಂದಿಷ್ಟು ಕಸಿವಿಸಿಯಾಯಿತು. ಆದರೆ ತಪ್ಪು ಮಾಡಿದವರು ಅವರು ತಾನೇ?

ಮೇ ತಿಂಗಳಲ್ಲಿ ಸೋಮಯ್ಯ ಮರಗಸಿ ಮಾಡುವಾಗ ಮರದಿಂದ ಬಿದ್ದು ಸತ್ತ. ಅಪ್ಪ ಫೋನಿನಲ್ಲಿ ಹೇಳಿದರು, “ಕುಡ್ದು ಹತ್ತಿದ್ನಂತೆ ಕಣಮ್ಮ.” ಯಾರು ಕಂಡಿದ್ದರು ಅವನು ಕುಡಿದದ್ದನ್ನು? ಯಾರೂ ಇಲ್ಲ. ಹೇನಿನ ಸಾರಾಯಿ ಕುಡಿದವನೆಂಬ ಹೆಸರು ಅವನಿಗಿಂತ ಮುಂಚೆ ಪಾಳ್ಯ ಮುಟ್ಟಿತ್ತು, ಅಷ್ಟೇ. ಜಗದಾಂಬ “ಅಯ್ಯೋ ಪಾಪ” ಎಂದಳು. ಹೇಳಲು ನಾಚಿಕೆಯಾಗುವ ಮಾತು, ಆದರೂ ಹೇಳುತ್ತೇನೆ. ಆ ‘ಪಾಪ’ದ ಅಡಿಯಲ್ಲಿ ಒಂದು ನೆಮ್ಮದಿಯಿತ್ತು. ತನ್ನ ಊಹೆ ಸರಿಯಾಗಿತ್ತು ಎಂಬ ನೆಮ್ಮದಿ.

ಆಮೇಲೆ ಅವಳು ವಿಷಯ ಬದಲಿಸಿದಳು. ಕೋಳಿಯ ಹೇನಿನ ಕಾಲು, ಮೀಸೆ, ಹೊಟ್ಟೆಯ ಗೆರೆಗಳನ್ನು ಅಳೆದು ಪ್ರಬಂಧ ಬರೆದು ಡಾಕ್ಟರಾದಳು. ಹಾಸನದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕಿಯಾದಳು. ಸೋಮಯ್ಯ ಮಾಡಿದ ಸಿಲ್ವರ್ ಓಕಿನ ಸ್ಟ್ಯಾಂಡು ಅವಳ ಜೊತೆಗೇ ಬಂದಿತ್ತು. ಗಟ್ಟಿ ಕೆಲಸ, ಬಿಸಾಡಲು ಮನಸ್ಸಾಗಿರಲಿಲ್ಲ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಅದರಲ್ಲಿ ಪೆನ್ನು ಸಿಕ್ಕಿಸುತ್ತಿದ್ದರು.

2009ರಲ್ಲಿ ಒಂದು ಮಧ್ಯಾಹ್ನ ಕಾಲೇಜಿನ ಕಂಪ್ಯೂಟರಿನಲ್ಲಿ ಪಾಠಕ್ಕೆಂದು ಏನೋ ಹುಡುಕುತ್ತಿದ್ದಾಗ ಹೊರದೇಶದವರ ಒಂದು ಲೇಖನ ಕಣ್ಣಿಗೆ ಬಿತ್ತು. ಮನುಷ್ಯನ ಹೇನಿನಲ್ಲಿ ಮೈಟೋಕಾಂಡ್ರಿಯದ ಡಿಎನ್‌ಎ ಒಂದು ಉಂಗುರವಲ್ಲ. ಒಡೆದು ಹದಿನೆಂಟು ಪುಟ್ಟ ಉಂಗುರಗಳಾಗಿದೆ. ಒಂದೊಂದರಲ್ಲಿ ಒಂದು, ಎರಡು, ಹೆಚ್ಚೆಂದರೆ ಮೂರು ಜೀನು. ಲೇಖನದಲ್ಲಿ ಜೆಲ್ಲಿನ ಫೋಟೋ ಇತ್ತು. ಚೂಪಾದ, ಶುಭ್ರವಾದ ಪುಟ್ಟ ಗೆರೆಗಳು.

ಜಗದಾಂಬ ಆ ಗೆರೆಗಳನ್ನು ಗುರುತು ಹಿಡಿದಳು. ಅವಳ ಟ್ರಂಕಿನ ತಳದಲ್ಲಿ ಅದೇ ಗೆರೆಗಳಿದ್ದವು.

ಮೊದಲ ಎರಡು ದಿನ ಅವಳು ಅತ್ತದ್ದು ಸೋಮಯ್ಯನಿಗಾಗಿ ಅಲ್ಲ. ಆ ಲೇಖನದಲ್ಲಿ ಇರಬೇಕಿದ್ದ ತನ್ನ ಹೆಸರಿಗಾಗಿ. ಪ್ರೊಫೆಸರರಿಗೆ ಫೋನ್ ಮಾಡಿದಾಗ ಅವರೂ “ಛೆ ಛೆ, ಕೈಗೆ ಬಂದದ್ದು ಹೋಯ್ತಲ್ಲಮ್ಮ! ನಾವೇ ಮೊದಲಾಗಬಹುದಿತ್ತು,” ಎಂದು ಪೇಚಾಡಿದರು. ನೀರು ಬೆರೆಸಿದ್ದಾರೆ ಎಂದದ್ದು ಅವರಿಗೆ ನೆನಪೇ ಇರಲಿಲ್ಲ. ಫೋನಿಟ್ಟ ಮೇಲೆ ಅವಳ ಕಣ್ಣು ಪೆನ್ನು ಸಿಕ್ಕಿಸಿದ ಸ್ಟ್ಯಾಂಡಿನ ಮೇಲೆ ಬಿತ್ತು. ಒಂದೊಂದು ತೂತಿನ ಅಂಚನ್ನೂ, ಬಾಟಲಿಗೆ ತರಚಬಾರದೆಂದು, ಮರಳು ಕಾಗದದಿಂದ ಉಜ್ಜಿ ನುಣ್ಣಗೆ ಮಾಡಿದ್ದ ಸೋಮಯ್ಯ. ಆಗ ಅವಳು ಸೋಮಯ್ಯನಿಗಾಗಿ ಅತ್ತಳು. ಮೆಷೀನು ಸುಳ್ಳು ಹೇಳಿರಲಿಲ್ಲ, ನಿಜ. ಸೋಮಯ್ಯನೂ ಹೇಳಿರಲಿಲ್ಲ.

ಹೇಳಬೇಕೋ ಬೇಡವೋ ಎಂದು ಅವಳು ತಿಂಗಳುಗಟ್ಟಲೆ ಒದ್ದಾಡಿದಳು. ಹೇಳಿದರೆ ಭೂತಮ್ಮ ತಪ್ಪಿಲ್ಲದ ಗಂಡನನ್ನು ಹೊರಗೆ ಹಾಕಿದವಳಾಗುತ್ತಾಳೆ. ಹೇಳದಿದ್ದರೆ ಸೋಮಯ್ಯ ಸತ್ತ ಮೇಲೂ ಹೆಂಡತಿಯ ತಲೆಗೇ ಕುತ್ತು ತಂದ ಕುಡುಕನಾಗಿಯೇ ಉಳಿಯುತ್ತಾನೆ. ಕೊನೆಗೆ ನವೆಂಬರಿನಲ್ಲಿ ಸಕಲೇಶಪುರದ ಬಸ್ಸು ಹತ್ತಿದಳು. ಧೈರ್ಯ ಬಂದು ಅಲ್ಲ, ಹಾಸನದಲ್ಲಿ ಕೂತು ಅನ್ನ ಇಳಿಯದೆ.

ಲೈನು ಹಾಗೇ ಇತ್ತು. ಕಟ್ಟೆಯ ಮೇಲೆ ಭೂತಮ್ಮ ಒಬ್ಬಳೇ ಕೂತಿದ್ದಳು, ಸೆರಗು ತಲೆಯ ಮೇಲೆ. ಪಕ್ಕದ ಮನೆಯ ಹುಡುಗಿಯೊಬ್ಬಳು ತಲೆ ಕೆರೆದುಕೊಳ್ಳುತ್ತಾ ನೀರು ಹಿಡಿಯುತ್ತಿದ್ದಳು, ಭೂತಮ್ಮ ಅತ್ತ ನೋಡಲೂ ಇಲ್ಲ. ಜಗದಾಂಬಳನ್ನು ಕಂಡು ಎದ್ದು ನಿಲ್ಲಲು ಹೋದಾಗ ಸೆರಗು ಜಾರಿತು. ತಲೆ ನುಣ್ಣಗೆ ಬೋಳಿಸಿತ್ತು, ಬೆಳ್ಳಗೆ ಮುಳ್ಳಿನಂಥ ಕೂದಲು ಆಗಷ್ಟೇ ಹುಟ್ಟುತ್ತಿತ್ತು.

“ಏನಾಯ್ತು ಭೂತಮ್ಮ, ತಲೆ?”

“ವರ್ಷ ವರ್ಷ ಮುಡಿ ಕೊಡ್ತೀನಿ ಅಮ್ಮಾರೆ. ತಲೆ ಮೇಲಿನ ಆಣೆ ಮುರ್ದ್‌ಮೇಲೆ ತಲೆ ಕೇಳ್ತದಲ್ಲ? ತಲೆ ಬದ್ಲು ಕೂದ್ಲು ತಗೊಳಪ್ಪ ಅಂತ ಹೇಳ್ಕೊಂಡಿವ್ನಿ. ನೀವು ಅವತ್ತು ಹೇಳಿದ್ದಕ್ಕೆ ಬದ್ಕಿವ್ನಿ ನೋಡಿ. ಇಲ್ದಿದ್ರೆ ಗೊತ್ತೇ ಆಯ್ತಿರ್ಲಿಲ್ಲ.”

ಜಗದಾಂಬ ಕಟ್ಟೆಯ ಕೆಳಗೆ, ಚಿಕ್ಕಂದಿನಲ್ಲಿ ಕೂರುತ್ತಿದ್ದ ಹಾಗೆ, ಅವಳ ಕಾಲ ಹತ್ತಿರ ಕೂತಳು. ಮಾತು ಸುತ್ತಿ ಬಳಸಿ ಹೇಳಬೇಕೆಂದು ಏನೇನೋ ಯೋಚಿಸಿಕೊಂಡು ಬಂದಿದ್ದಳು. ಒಂದೂ ಬಾಯಿಗೆ ಬರಲಿಲ್ಲ.

“ಅವತ್ತು ನಾನು ಹೇಳಿದ್ದು ತಪ್ಪು ಭೂತಮ್ಮ. ಸ್ಪಿರಿಟ್ಟಿಗೆ ಯಾರೂ ನೀರು ಹಾಕಿರಲಿಲ್ಲ. ಹೇನಿನ ಒಳಗೆ ಇರೋದೇ ಹಾಗೆ. ಒಂದು ಉಂಗುರ ಅಲ್ಲ, ಹದಿನೆಂಟು. ಎಲ್ಲಾ ಪ್ರಾಣಿಗೂ ಒಂದೇ ಅಂತ ಓದಿದ್ವಿ, ಅದಕ್ಕೇ ನನ್ನ ಕಣ್ಣಿಗೆ ಕಂಡದ್ದನ್ನ ನಾನೇ ನಂಬಲಿಲ್ಲ. ಸೋಮಯ್ಯ ಕುಡಿದಿರಲಿಲ್ಲ.”

ನಲ್ಲಿಯಲ್ಲಿ ಕೊಡ ತುಂಬಿ ಹೊರಗೆ ಚೆಲ್ಲುತ್ತಿತ್ತು.

“ಅದು ಮೊದ್ಲಿಂದ್ಲೂ ಹಂಗೇ ಐತಾ? ಹೇನ್ ಒಳಗೆ?”

“ಲಕ್ಷಾಂತರ ವರ್ಷದಿಂದ.”

“ಲಕ್ಷ ವರ್ಷದಿಂದ ಐತೆ,” ಎಂದಳು ಭೂತಮ್ಮ. “ನಿಮಗೆ ಅವ್ನು ಹೋದ್ಮೇಲೆ ಕಾಣಿಸ್ತು.”

ಜಗದಾಂಬ ಅವಳ ಪಾದ ಹಿಡಿದುಕೊಂಡಳು. ಭೂತಮ್ಮ ಬಿಡಿಸಿಕೊಳ್ಳಲೂ ಇಲ್ಲ, ಎಬ್ಬಿಸಲೂ ಇಲ್ಲ. ಯಾರಿಗೋ ಹೇಳುವ ಹಾಗೆ ಹೇಳಿದಳು.

“ದಿನಾ ಮೂಸ್ತಿದ್ದೆ ಅವ್ನ ಬಾಯ. ಎರಡ್ ವರ್ಷ. ಒಂದ್ ದಿನ ಬುಟ್ಟಿಲ್ಲ, ಒಂದ್ ದಿನ ವಾಸ್ನೆ ಬಂದಿಲ್ಲ. ನೀವು ಆ ಪಟ ತೋರಿಸ್ದಾಗ ನನ್ ಮೂಗೇ ಕೆಟ್ಟೋಗೈತೆ ಅಂದ್ಕೊಂಡೆ. ಓದ್ದೋಳಿಗಿಂತ ನನ್ ಮೂಗು ಹೆಚ್ಚಾ ಅಂತ.” ಅವಳು ಬಾಗಿಲ ಕಡೆ ನೋಡಿದಳು. “ಬಾಯಿ ಕಳೆದ್ಕಂಡು ಮಗು ನಿಂತಂಗೆ ನಿಂತ್ಕತಿದ್ದ ಕಣ್ರೀ.”

ತೋಟದ ಕೆಲಸ ಮುಗಿಸಿದವರು ಒಬ್ಬೊಬ್ಬರೇ ಲೈನಿನ ಕಡೆ ಬರುತ್ತಿದ್ದರು. ಭೂತಮ್ಮ ಕಣ್ಣೊರೆಸಿಕೊಂಡು ಸೆರಗನ್ನು ಪೂರ್ತಿ ಕೆಳಗೆ ತೆಗೆದಳು.

“ಏಳಿ ಮೇಲೆ. ನನ್ ತಲೆ ಮುಟ್ಟಿ ಹೇಳಿ.”

“ಭೂತಮ್ಮ...”

“ತಲೆ ಮುಟ್ಟಿ ಹೇಳಿ. ಗಟ್ಟಿಯಾಗಿ. ಅವತ್ತು ಕಣದಲ್ಲಿ ಎಲ್ರ ಮುಂದೆ ಹೇಳಿದ್ರಲ್ಲ, ಹಂಗೆ.”

ಜಗದಾಂಬ ಎದ್ದು ನಿಂತು ಆ ಬೋಳು ತಲೆಯ ಮೇಲೆ ಕೈಯಿಟ್ಟಳು. ಮೋಟುಕೂದಲು ಅಂಗೈಗೆ ಚುಚ್ಚಿತು. ಬರುತ್ತಿದ್ದವರು ನಿಂತು ನೋಡಿದರು.

“ಸೋಮಯ್ಯ ಸ್ಪಿರಿಟ್ ಮುಟ್ಟಿರಲಿಲ್ಲ,” ಎಂದಳು. ದನಿ ಸಾಲದೆ ಮತ್ತೊಮ್ಮೆ ಹೇಳಿದಳು. “ಸೋಮಯ್ಯ ಕುಡಿದಿರಲಿಲ್ಲ. ತಪ್ಪು ನನ್ನದು.”

ಅವತ್ತು ನಕ್ಕವರಲ್ಲಿ ಕೆಲವರು ಅಲ್ಲೇ ಇದ್ದರು, ನೆಲ ನೋಡುತ್ತಾ ತಮ್ಮ ತಮ್ಮ ಬಾಗಿಲಿಗೆ ಹೋದರು.

ಭೂತಮ್ಮ ಜಗದಾಂಬಳ ಕೈಯನ್ನು ತಲೆಯಿಂದ ತೆಗೆದು ಕೆಳಗಿಟ್ಟಳು. ತಾನೇ ಒಮ್ಮೆ ಹಣೆಯಿಂದ ಹಿಂದಲೆಯ ತನಕ ಸವರಿಕೊಂಡಳು.

“ಹಂಗಾರೆ ಆಣೆ ಮುರಿದಿರ್ಲಿಲ್ಲ,” ಎಂದಳು. “ಇನ್ಮೇಲೆ ಕೂದ್ಲು ಬುಡ್ಬೋದು ನಾನು.”

ಆಮೇಲೆ ಕೇಳಿದಳು.

“ಬುಟ್ಟು ಹೇನಾದ್ರೆ, ನೋಡೋರ್ಯಾರು?”